ಐದು ನಿಮಿಷ ಕಾದ ಮೇಲೆ ಛೇದವೇಕೆ ಬದಲಾಗುತ್ತದೆ?

ಪ್ರಶ್ನೆ: ನಾನು ಬಾಗಲಕೋಟೆಯ ನವನಗರದಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದೇನೆ. ಸಂತತ ಏಕರೂಪ ವಿತರಣೆಯ ಲೆಕ್ಕಗಳನ್ನು ಸೂತ್ರ ಹಾಕಿ ಬಿಡಿಸುತ್ತೇನೆ, ಆದರೆ ಒಳಗಿನ ಅರ್ಥ ತಲೆಗೆ ಹತ್ತುತ್ತಿಲ್ಲ. 20 ನಿಮಿಷಕ್ಕೊಂದು ಬಸ್ಸು ಬರುವ ನಿಲ್ದಾಣಕ್ಕೆ ಗಡಿಯಾರ ನೋಡದೆ ಹೋದರೆ, 12 ನಿಮಿಷಕ್ಕಿಂತ ಹೆಚ್ಚು ಕಾಯಬೇಕಾದ ಸಂಭವನೀಯತೆ 8/20 ಎಂದು ಉತ್ತರವಿದೆ. 5 ನಿಮಿಷ ಕಾದಾದ ಮೇಲೆ ಅದೇ ಪ್ರಶ್ನೆ ಕೇಳಿದರೆ ಉತ್ತರ 8/15 ಆಗುತ್ತದೆ. ನಾನು ಕಾದದ್ದು ಬಸ್ಸಿಗೆ ಹೇಗೆ ಗೊತ್ತಾಗುತ್ತದೆ? ಸರಿಯಾಗಿ 7ನೇ ನಿಮಿಷಕ್ಕೆ ಬಸ್ಸು ಬರುವ ಸಂಭವನೀಯತೆ ಸೊನ್ನೆ ಎಂದರೆ ಆಗ ಅದು ಬರುವುದೇ ಇಲ್ಲವೇ? ಸಾಂದ್ರತೆ 1ಕ್ಕಿಂತ ಹೆಚ್ಚು ಬಂದರೆ ಲೆಕ್ಕ ತಪ್ಪೇ? ಪರೀಕ್ಷೆಯಿಂದಾಚೆ ಇದು ಎಲ್ಲಿಯಾದರೂ ಉಪಯೋಗಕ್ಕೆ ಬರುತ್ತದೆಯೇ?

ಉತ್ತರ: ನಿಮ್ಮ ನಾಲ್ಕೂ ಪ್ರಶ್ನೆಗಳ ಬೇರು ಒಂದೇ ಕಡೆ ಇದೆ. ಏಕರೂಪ ವಿತರಣೆಯಲ್ಲಿ ಸಂಭವನೀಯತೆ ಎಂದರೆ ಒಂದು ಉದ್ದವನ್ನು ಇನ್ನೊಂದು ಉದ್ದದಿಂದ ಭಾಗಿಸಿದ ಫಲ. ಅಂಶದಲ್ಲಿ ಯಾವ ಉದ್ದ, ಛೇದದಲ್ಲಿ ಯಾವ ಉದ್ದ ಎಂಬುದನ್ನು ಕಣ್ಣಾರೆ ಕಂಡುಕೊಂಡರೆ ಸೂತ್ರವನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ. ಆದ್ದರಿಂದ ದಯವಿಟ್ಟು ಒಂದು ಬಿಳಿ ಹಾಳೆ ಮತ್ತು ಅಳತೆಪಟ್ಟಿ ತೆಗೆದುಕೊಂಡು 20 ಸೆಂಟಿಮೀಟರ್ ಉದ್ದದ ಗೆರೆಯೊಂದನ್ನು ಎಳೆಯಿರಿ, ಒಂದು ಸೆಂಟಿಮೀಟರ್ ಎಂದರೆ ಒಂದು ನಿಮಿಷ ಎಂದು ತಿಳಿಯಿರಿ. ಎಡತುದಿಯ ಸೊನ್ನೆ ನೀವು ನಿಲ್ದಾಣಕ್ಕೆ ಬಂದ ಕ್ಷಣ. ಬಸ್ಸು ಬರುವ ಹೊತ್ತು ಈ ಗೆರೆಯ ಮೇಲಿನ ಒಂದು ಚುಕ್ಕೆ. ಅದು ಎಲ್ಲಿದೆ ಎಂದು ನಿಮಗೆ ಗೊತ್ತಿಲ್ಲ, ಮತ್ತು ಒಂದು ಜಾಗಕ್ಕಿಂತ ಇನ್ನೊಂದು ಜಾಗವನ್ನು ಹೆಚ್ಚು ನಂಬಲು ನಿಮ್ಮಲ್ಲಿ ಯಾವ ಕಾರಣವೂ ಇಲ್ಲ. ಈ ಎರಡನೆಯ ಮಾತೇ 'ಏಕರೂಪ' ಎಂಬ ಪದದ ಪೂರ್ತಿ ಅರ್ಥ. ಸಮ ಉದ್ದದ ಯಾವುದೇ ಎರಡು ತುಂಡುಗಳಿಗೆ, ಅವು ಗೆರೆಯ ಯಾವ ಭಾಗದಲ್ಲಿದ್ದರೂ, ಸಮ ಸಂಭವನೀಯತೆ ಸಲ್ಲುತ್ತದೆ.

ಈಗ 12ರ ಗುರುತಿನಿಂದ ಬಲತುದಿಯವರೆಗೆ ಗೆರೆಯನ್ನು ದಪ್ಪ ಮಾಡಿ. ದಪ್ಪಗಾದ ಭಾಗ 8 ಸೆಂಟಿಮೀಟರ್, ಇಡೀ ಗೆರೆ 20 ಸೆಂಟಿಮೀಟರ್. ಆದ್ದರಿಂದ ಉತ್ತರ 8/20, ಅಂದರೆ 0.4. ಹಾಗೆಯೇ 6 ಮತ್ತು 11ನೇ ನಿಮಿಷಗಳ ನಡುವೆ ಬಸ್ಸು ಬರುವ ಸಂಭವನೀಯತೆ 5/20, ಅಂದರೆ 0.25. ಇಲ್ಲಿ ವಿದ್ಯಾರ್ಥಿಗಳು ಎಡವುವ ಜಾಗ ಒಂದಿದೆ. '15 ಮತ್ತು 25ನೇ ನಿಮಿಷಗಳ ನಡುವೆ' ಎಂದು ಪ್ರಶ್ನೆಯಲ್ಲಿ ಬಂದರೆ ತಟ್ಟನೆ 10/20 ಎಂದು ಬರೆದುಬಿಡುತ್ತಾರೆ. ನಿಮ್ಮ ಹಾಳೆಯ ಮೇಲೆ 20ರಾಚೆ ಗೆರೆಯೇ ಇಲ್ಲ. ದಪ್ಪ ಮಾಡಲು ಸಿಗುವುದು 15ರಿಂದ 20ರವರೆಗಿನ 5 ಸೆಂಟಿಮೀಟರ್ ಮಾತ್ರ, ಆದ್ದರಿಂದ ಉತ್ತರ 5/20. ಗೆರೆ ಎಳೆದವರು ಈ ತಪ್ಪನ್ನು ಮಾಡುವುದಿಲ್ಲ, ಸೂತ್ರವನ್ನಷ್ಟೇ ನೆನಪಿಟ್ಟವರು ಮಾಡುತ್ತಾರೆ ಎಂಬುದು ತರಗತಿಯಲ್ಲಿ ನಾನು ಮತ್ತೆ ಮತ್ತೆ ಕಂಡ ಸಂಗತಿ.

ಸರಿಯಾಗಿ 7ನೇ ನಿಮಿಷದ ಪ್ರಶ್ನೆಗೆ ಬರೋಣ. 7 ಎಂಬ ಬಿಂದುವಿಗೆ ಉದ್ದವಿಲ್ಲ. ಸೊನ್ನೆಯನ್ನು 20ರಿಂದ ಭಾಗಿಸಿದರೆ ಸೊನ್ನೆಯೇ. ಆದರೆ ಸೊನ್ನೆ ಸಂಭವನೀಯತೆ ಎಂದರೆ ಅಸಾಧ್ಯ ಎಂದಲ್ಲ. ನೀವು ಕೈಗಡಿಯಾರ ನೋಡಿ 'ಏಳು ನಿಮಿಷಕ್ಕೆ ಬಂತು' ಎನ್ನುವಾಗ ನಿಜವಾಗಿ ಹೇಳುತ್ತಿರುವುದು 'ಆರೂವರೆ ಮತ್ತು ಏಳೂವರೆ ನಿಮಿಷಗಳ ನಡುವೆ ಬಂತು' ಎಂದು, ಮತ್ತು ಅದರ ಸಂಭವನೀಯತೆ 1/20. ಸೆಕೆಂಡಿನವರೆಗೆ ಅಳೆದರೆ ಅದು 1/1200ಕ್ಕೆ ಇಳಿಯುತ್ತದೆ, ಸೆಕೆಂಡಿನ ನೂರನೇ ಭಾಗದವರೆಗೆ ಅಳೆದರೆ 1/1,20,000ಕ್ಕೆ. ಅಳತೆ ಸೂಕ್ಷ್ಮವಾದಷ್ಟೂ ಭಾಗಲಬ್ಧ ಸೊನ್ನೆಯ ಕಡೆಗೆ ಸಾಗುತ್ತದೆ, ಹೊರತು ಯಾವ ಹಂತದಲ್ಲಿಯೂ ಬಸ್ಸು ಬರುವುದು ನಿಲ್ಲುವುದಿಲ್ಲ. 'ಹಾಗಾದರೆ ಸೊನ್ನೆಗಳನ್ನೆಲ್ಲ ಕೂಡಿಸಿದರೆ 1 ಹೇಗೆ ಬರುತ್ತದೆ?' ಎಂಬ ಮುಂದಿನ ಅನುಮಾನ ನಿಮಗೆ ಬಂದೇ ಬರುತ್ತದೆ, ಬರಬೇಕು ಕೂಡ. ರಷ್ಯಾದ ಗಣಿತಜ್ಞ ಆಂದ್ರೇ ಕೊಲ್ಮೊಗೊರೊವ್ ಅವರು 1933ರಲ್ಲಿ ಸಂಭವನೀಯತೆಗೆ ಹಾಕಿಕೊಟ್ಟ ನಿಯಮಗಳು ಒಂದು, ಎರಡು, ಮೂರು ಎಂದು ಎಣಿಸಿ ಸಾಲಾಗಿ ನಿಲ್ಲಿಸಬಹುದಾದ ತುಂಡುಗಳನ್ನು ಕೂಡಿಸಲು ಮಾತ್ರ ಅನುಮತಿ ಕೊಡುತ್ತವೆ. ಗೆರೆಯ ಮೇಲಿನ ಬಿಂದುಗಳನ್ನು ಹಾಗೆ ಸಾಲಾಗಿ ನಿಲ್ಲಿಸಲು ಬರುವುದಿಲ್ಲ. ಆದ್ದರಿಂದ ಬಿಂದುಗಳ ಸೊನ್ನೆಗಳನ್ನು ಕೂಡಿಸಿ ಇಡೀ ಗೆರೆಯ ಸಂಭವನೀಯತೆಯನ್ನು ಕಟ್ಟುವ ದಾರಿಯೇ ಇಲ್ಲಿ ಇಲ್ಲ, ಕಟ್ಟುವುದು ಉದ್ದಗಳಿಂದ. ಇದರಿಂದ ನಿಮಗೊಂದು ಅನುಕೂಲವೂ ಇದೆ. '12ಕ್ಕಿಂತ ಹೆಚ್ಚು' ಮತ್ತು '12 ಅಥವಾ ಹೆಚ್ಚು' ಎಂಬ ಎರಡು ಪ್ರಶ್ನೆಗಳಿಗೂ ಒಂದೇ ಉತ್ತರ. ದಾಳ ಎಸೆಯುವ ಲೆಕ್ಕಗಳಲ್ಲಿ ಈ ಅನುಕೂಲ ಸಿಗುವುದಿಲ್ಲ.

ಸಾಂದ್ರತೆಯ ವಿಷಯ ಚಿಕ್ಕದು. ನಿಮಿಷಗಳಲ್ಲಿ ಅಳೆದರೆ ಗೆರೆಯ ಉದ್ದ 20, ಸಾಂದ್ರತೆ ನಿಮಿಷಕ್ಕೆ 1/20. ಅದೇ ಸಮಯವನ್ನು ಗಂಟೆಯಲ್ಲಿ ಅಳೆದರೆ ಗೆರೆಯ ಉದ್ದ 1/3, ಸಾಂದ್ರತೆ ಗಂಟೆಗೆ 3. ಬಸ್ಸು ಬದಲಾಗಿಲ್ಲ, ಅಳೆಯುವ ಕೋಲು ಬದಲಾಗಿದೆ. ಸಾಂದ್ರತೆಯು ಸಂಭವನೀಯತೆಯಲ್ಲ, ಒಂದು ಘಟಕ ಉದ್ದಕ್ಕೆ ಎಷ್ಟು ಸಂಭವನೀಯತೆ ಹಂಚಿಕೆಯಾಗಿದೆ ಎಂಬ ದರ. ಅದು 3 ಆಗಬಹುದು, 300 ಕೂಡ ಆಗಬಹುದು. ಉದ್ದದಿಂದ ಗುಣಿಸಿದಾಗ ಒಟ್ಟು 1 ಬರಬೇಕು, ಅಷ್ಟೇ.

ಇನ್ನು 8/15ರ ಪ್ರಶ್ನೆ. ಇದನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ನಿಮ್ಮ ಗೊಂದಲದ ನಿಜವಾದ ಗಂಟು ಇಲ್ಲಿದೆ. ಸ್ವಲ್ಪ ಹೊತ್ತು ಬಸ್ಸನ್ನು ಬಿಟ್ಟು ನಿಮ್ಮ ಜಿಲ್ಲೆಯ ಇಳಕಲ್ ಸೀರೆಯೊಂದನ್ನು ಮುಂದಿಟ್ಟುಕೊಳ್ಳಿ. ಲೆಕ್ಕಕ್ಕೆ ಸುಲಭವಾಗಲೆಂದು ಅದರ ಉದ್ದ 6 ಮೀಟರ್, ಕೊನೆಯ 1 ಮೀಟರ್ ಕೆಂಪು ಸೆರಗು ಎಂದು ಇಟ್ಟುಕೊಳ್ಳೋಣ. ನೇಯುವಾಗ ಒಂದು ಕಡೆ, ಒಂದೇ ಒಂದು ಕಡೆ, ಎಳೆ ಕಡಿದಿದೆ ಎಂದು ತಿಳಿದಿದೆ, ಎಲ್ಲಿ ಎಂದು ತಿಳಿದಿಲ್ಲ. ಸೀರೆ ಮಡಿಕೆಯಲ್ಲಿರುವಾಗ ಆ ದೋಷ ಸೆರಗಿನಲ್ಲಿರುವ ಸಂಭವನೀಯತೆ 1/6. ಈಗ ಒಡಲಿನ ಕಡೆಯಿಂದ ಮಡಿಕೆ ಬಿಚ್ಚುತ್ತ, ಬೆಳಕಿಗೆ ಹಿಡಿದು, ಮೊದಲ 2 ಮೀಟರ್ ನೋಡಿದಿರಿ, ಎಳೆ ಎಲ್ಲಿಯೂ ಕಡಿದಿಲ್ಲ. ಉಳಿದದ್ದು 4 ಮೀಟರ್. ಸೆರಗು ಇನ್ನೂ 1 ಮೀಟರೇ. ಸಂಭವನೀಯತೆ 1/4ಕ್ಕೆ ಏರಿತು. ನೀವು ಬಟ್ಟೆ ಬಿಚ್ಚಿದ್ದರಿಂದ ದೋಷ ಒಂದು ಕೂದಲೆಳೆಯಷ್ಟೂ ಸರಿದಿಲ್ಲ, ಅದು ಮೊದಲಿದ್ದಲ್ಲಿಯೇ ಇದೆ. ಸರಿದದ್ದು ನಿಮ್ಮ ತಿಳಿವಳಿಕೆ. 'ಇಲ್ಲಿಲ್ಲ' ಎಂದು ಗೊತ್ತಾದ 2 ಮೀಟರನ್ನು ನೀವು ಲೆಕ್ಕದಿಂದ ಕತ್ತರಿಸಿ ತೆಗೆದಿರಿ, ಆದ್ದರಿಂದ ಛೇದ ಸಣ್ಣದಾಯಿತು.

ಬಸ್ಸಿನದೂ ಇದೇ ಕಥೆ. ನೀವು ಕಾದದ್ದು ಬಸ್ಸಿಗೆ ಗೊತ್ತಾಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. 5 ನಿಮಿಷ ಬಸ್ಸು ಬರಲಿಲ್ಲ ಎಂಬುದು ನಿಮಗೆ ಗೊತ್ತು. ಹಾಳೆಯ ಮೇಲಿನ ಗೆರೆಯಲ್ಲಿ ಮೊದಲ 5 ಸೆಂಟಿಮೀಟರನ್ನು ಕತ್ತರಿಯಿಂದ ಕತ್ತರಿಸಿ ಪಕ್ಕಕ್ಕಿಡಿ. ಉಳಿದ 15 ಸೆಂಟಿಮೀಟರಿನಲ್ಲಿ ದಪ್ಪ ಭಾಗ ಮೊದಲಿನ 8 ಸೆಂಟಿಮೀಟರೇ. ಆದ್ದರಿಂದ 8/15, ಅಂದರೆ ಸುಮಾರು 0.533. ಷರತ್ತುಬದ್ಧ ಸಂಭವನೀಯತೆಯ ಸೂತ್ರ ಮಾಡುವ ಕೆಲಸವೂ ಇಷ್ಟೇ. 8/20ನ್ನು 15/20ರಿಂದ ಭಾಗಿಸಿದಾಗ 20 ಹೊಡೆದುಹೋಗಿ 8/15 ಉಳಿಯುತ್ತದೆ.

ಇಲ್ಲಿ ಪ್ರಶ್ನೆಯ ಭಾಷೆಯನ್ನು ಎಚ್ಚರದಿಂದ ಓದಬೇಕು. '5 ನಿಮಿಷ ಕಾದಾಗಿದೆ, ಒಟ್ಟು ಕಾಯುವಿಕೆ 12 ನಿಮಿಷ ದಾಟುವ ಸಂಭವನೀಯತೆ ಎಷ್ಟು?' ಎಂದರೆ 8/15. '5 ನಿಮಿಷ ಕಾದಾಗಿದೆ, ಇನ್ನೂ 12 ನಿಮಿಷಕ್ಕಿಂತ ಹೆಚ್ಚು ಕಾಯಬೇಕಾದ ಸಂಭವನೀಯತೆ ಎಷ್ಟು?' ಎಂದರೆ ದಪ್ಪ ಭಾಗ 17ರಿಂದ 20ರವರೆಗೆ ಮಾತ್ರ, ಉತ್ತರ 3/15. 'ಇನ್ನೂ' ಎಂಬ ಎರಡಕ್ಷರದಲ್ಲಿ 0.533 ಮತ್ತು 0.2ರ ಅಂತರ ಅಡಗಿದೆ.

ಕಾದಷ್ಟೂ 12 ನಿಮಿಷ ದಾಟುವ ಸಂಭವನೀಯತೆ ಏರುತ್ತಿದೆಯಲ್ಲ, ಹಾಗಾದರೆ ಕಾಯುವುದರಿಂದ ನಷ್ಟವೇ ಎಂದು ಅನಿಸಬಹುದು. ಇನ್ನೊಂದು ಬದಿಯಿಂದ ನೋಡಿ. ನಿಲ್ದಾಣಕ್ಕೆ ಬಂದ ಕ್ಷಣದಲ್ಲಿ, ಮುಂದಿನ 3 ನಿಮಿಷದಲ್ಲಿ ಬಸ್ಸು ಬರುವ ಸಂಭವನೀಯತೆ 3/20, ಅಂದರೆ 0.15. 5 ನಿಮಿಷ ಕಾದ ಮೇಲೆ ಅದು 3/15, ಅಂದರೆ 0.2. 15 ನಿಮಿಷ ಕಾದ ಮೇಲೆ 3/5, ಅಂದರೆ 0.6. ಇನ್ನು ಸರಾಸರಿ ಎಷ್ಟು ಹೊತ್ತು ಕಾಯಬೇಕು ಎಂಬುದು ಉಳಿದ ಗೆರೆಯ ಅರ್ಧ; ಅದು ಮೊದಲು 10 ನಿಮಿಷ ಇದ್ದದ್ದು 5 ನಿಮಿಷ ಕಾದ ಮೇಲೆ 7.5ಕ್ಕೆ, 15 ನಿಮಿಷ ಕಾದ ಮೇಲೆ 2.5ಕ್ಕೆ ಇಳಿಯುತ್ತದೆ. ನಿಮ್ಮ ಪಠ್ಯದಲ್ಲಿ ಮುಂದೆ ಬರುವ ಘಾತೀಯ ವಿತರಣೆಯಲ್ಲಿ ಹೀಗಾಗುವುದಿಲ್ಲ. ಅಲ್ಲಿ ಎಷ್ಟು ಕಾದರೂ ಉಳಿದ ಸರಾಸರಿ ಅಷ್ಟೇ ಇರುತ್ತದೆ. ಏಕರೂಪ ವಿತರಣೆಯಲ್ಲಿ ಗೆರೆಗೆ ಕೊನೆಯೊಂದಿದೆ, ಕಾಯುತ್ತ ನಾವು ಆ ಕೊನೆಯ ಕಡೆಗೆ ನಡೆಯುತ್ತೇವೆ.

ಪರೀಕ್ಷೆಯಿಂದಾಚೆ ಇದರ ಉಪಯೋಗವೇನು ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಇದರ ಅತಿ ದೊಡ್ಡ ಉಪಯೋಗ ಬಸ್ ನಿಲ್ದಾಣದಲ್ಲಿಲ್ಲ, ತಕ್ಕಡಿಯಲ್ಲಿದೆ. ನಮ್ಮ ವಿಜಯಪುರ ಒಣದ್ರಾಕ್ಷಿಯ ಊರು. ಆದ್ದರಿಂದ ಅದರ ಉದಾಹರಣೆಯನ್ನೇ ಕೊಡುತ್ತೇನೆ. 50 ಗ್ರಾಂ ಹೆಜ್ಜೆಯಲ್ಲಿ ತೂಕ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಇದೆ ಎನ್ನಿ. ಪೆಟ್ಟಿಗೆಯ ನಿಜ ತೂಕ 15 ಕೆ.ಜಿ. 12 ಗ್ರಾಂ ಇದ್ದರೆ ಅದು 15.000 ತೋರಿಸುತ್ತದೆ, 15 ಕೆ.ಜಿ. 31 ಗ್ರಾಂ ಇದ್ದರೆ 15.050 ತೋರಿಸುತ್ತದೆ. ಹತ್ತಿರದ ಹೆಜ್ಜೆಗೆ ಸರಿಹೊಂದಿಸುವ ಈ ಕ್ರಮದಲ್ಲಿ ನಿಜ ತೂಕಕ್ಕೂ ತೋರಿದ ತೂಕಕ್ಕೂ ಇರುವ ವ್ಯತ್ಯಾಸ ಕೆಳಗೆ 25 ಗ್ರಾಂ, ಮೇಲೆ 25 ಗ್ರಾಂ ಮಿತಿಯೊಳಗೇ ಇರುತ್ತದೆ. ಪೆಟ್ಟಿಗೆಗಳ ತೂಕ ತಮ್ಮೊಳಗೆ ನೂರಾರು ಗ್ರಾಂಗಳಷ್ಟು ಹೆಚ್ಚುಕಡಿಮೆ ಇದ್ದರೆ, ಈ ವ್ಯತ್ಯಾಸ ಆ 50 ಗ್ರಾಂ ಗೆರೆಯ ಮೇಲೆ ಬಹುಮಟ್ಟಿಗೆ ಏಕರೂಪವಾಗಿ ಹಂಚಿಹೋಗುತ್ತದೆ. ಒಂದು ಪೆಟ್ಟಿಗೆಯಲ್ಲಿ ವ್ಯತ್ಯಾಸ 20 ಗ್ರಾಂ ಮೀರುವ ಸಂಭವನೀಯತೆ ಎಷ್ಟು? ಎರಡೂ ತುದಿಗಳಲ್ಲಿ 5 ಗ್ರಾಂಗಳ ಎರಡು ತುಂಡು, ಒಟ್ಟು 10 ಗ್ರಾಂ; 10/50, ಅಂದರೆ 0.2.

ಇಂಥ 100 ಪೆಟ್ಟಿಗೆ ತೂಗಿದರೆ ಒಟ್ಟು ವ್ಯತ್ಯಾಸ ಎಷ್ಟಾದೀತು? ಕೆಟ್ಟದ್ದನ್ನೇ ಎಣಿಸಿದರೆ 2500 ಗ್ರಾಂ ಆಗಬಹುದು, ಆದರೆ ನೂರೂ ಪೆಟ್ಟಿಗೆಗಳಲ್ಲಿ ವ್ಯತ್ಯಾಸ ಒಂದೇ ತುದಿಗೆ ಹೋಗಿ ನಿಲ್ಲುವುದು ನಡೆಯದ ಮಾತು. ಇಲ್ಲಿ ಪ್ರಸರಣದ, ಅಂದರೆ ನಡುವಿನಿಂದ ಇರುವ ದೂರಗಳ ವರ್ಗಗಳ ಸರಾಸರಿಯ, ಸೂತ್ರ ಬೇಕಾಗುತ್ತದೆ: ಉದ್ದದ ವರ್ಗವನ್ನು 12ರಿಂದ ಭಾಗಿಸಬೇಕು. ಈ 12 ಎಲ್ಲಿಂದ ಬಂತು ಎಂದು ಬಹಳ ಜನ ಕೇಳುವುದಿಲ್ಲ, ಕೇಳಬೇಕು. ನಡುವಿನಿಂದ ತುದಿಗಿರುವ ದೂರ ಉದ್ದದ ಅರ್ಧ. ಸೊನ್ನೆಯಿಂದ ಒಂದು ದೂರದವರೆಗಿನ ವರ್ಗಗಳ ಸರಾಸರಿಯು ಆ ದೂರದ ವರ್ಗದ ಮೂರನೇ ಒಂದು ಭಾಗ. ಅರ್ಧದ ವರ್ಗ ಕಾಲು, ಕಾಲಿನ ಮೂರನೇ ಒಂದು ಭಾಗ ಹನ್ನೆರಡನೇ ಒಂದು ಭಾಗ. ನಮ್ಮ ತಕ್ಕಡಿಗೆ 2500/12, ಅಂದರೆ 208.3, ಅದರ ವರ್ಗಮೂಲವಾದ ಮಾನಕ ವಿಚಲನೆ 14.4 ಗ್ರಾಂ. ಪೆಟ್ಟಿಗೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಇದ್ದಾಗ ಕೂಡುವುದು ಪ್ರಸರಣಗಳು, ಮಾನಕ ವಿಚಲನೆಗಳಲ್ಲ. ಆದ್ದರಿಂದ 100 ಪೆಟ್ಟಿಗೆಗಳ ಒಟ್ಟು ವ್ಯತ್ಯಾಸದ ಮಾನಕ ವಿಚಲನೆ 10 ಪಟ್ಟು, ಅಂದರೆ 144 ಗ್ರಾಂ ಮಾತ್ರ. ಇಷ್ಟೊಂದು ಏಕರೂಪ ಚಲಕಗಳ ಮೊತ್ತ ಗಂಟೆಯಾಕಾರದ ಪ್ರಸಾಮಾನ್ಯ (ನಾರ್ಮಲ್) ವಿತರಣೆಗೆ ತೀರ ಹತ್ತಿರವಿರುವುದರಿಂದ, ಒಂದೂವರೆ ಟನ್ ಮಾಲಿನಲ್ಲಿ ಒಟ್ಟು ವ್ಯತ್ಯಾಸ ಅರ್ಧ ಕೆ.ಜಿ. ಮೀರುವ ಸಂಭವನೀಯತೆ ಸುಮಾರು 2000ಕ್ಕೆ 1.

ಆದರೆ ತಕ್ಕಡಿಯು ಹತ್ತಿರದ ಹೆಜ್ಜೆಗೆ ಹೋಗದೆ ಯಾವಾಗಲೂ ಕೆಳಗಿನ ಹೆಜ್ಜೆಗೆ ಇಳಿಸಿ ತೋರಿಸುವಂತಿದ್ದರೆ, ಅಥವಾ ತೂಗುವವರು ಚಿಲ್ಲರೆ ಗ್ರಾಂಗಳನ್ನು ಬಿಟ್ಟು ಬರೆದುಕೊಂಡರೆ, ಲೆಕ್ಕದ ಮುಖವೇ ಬೇರೆಯಾಗುತ್ತದೆ. ಆಗ ಬಿಟ್ಟುಹೋಗುವ ತೂಕ ಸೊನ್ನೆಯಿಂದ 50 ಗ್ರಾಂವರೆಗಿನ ಗೆರೆಯ ಮೇಲಿರುತ್ತದೆ. ಉದ್ದ 50ರಷ್ಟೇ, ಮಾನಕ ವಿಚಲನೆ 14.4ರಷ್ಟೇ, ಆದರೆ ಸರಾಸರಿ ಸೊನ್ನೆಯಿಂದ 25 ಗ್ರಾಂಗೆ ಸರಿಯಿತು. ಪ್ರಸರಣದ ತಪ್ಪುಗಳು ಒಂದನ್ನೊಂದು ಕಡಿದುಕೊಳ್ಳುತ್ತವೆ, ಸರಾಸರಿಯ ತಪ್ಪು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಕೂಡುತ್ತಲೇ ಹೋಗುತ್ತದೆ. 100 ಪೆಟ್ಟಿಗೆಗೆ ಬೆಳೆಗಾರ ಕಳೆದುಕೊಳ್ಳುವುದು ಸರಾಸರಿ ಎರಡೂವರೆ ಕೆ.ಜಿ.; ಅದು ಎರಡು ಕೆ.ಜಿ.ಗಿಂತ ಕಡಿಮೆಯಾಗುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಗೆರೆಯ ತುದಿಗಳನ್ನು ಎಲ್ಲಿ ಇಡುತ್ತೇವೆ ಎಂಬುದು ಬರೀ ಪರೀಕ್ಷೆಯ ಅಂಕಗಳ ಪ್ರಶ್ನೆಯಲ್ಲ ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಏಕರೂಪತೆಯೇ ಮುರಿದುಬೀಳುವ ಸಂದರ್ಭವನ್ನೂ ಇದೇ ತಕ್ಕಡಿ ತೋರಿಸುತ್ತದೆ. ಪೆಟ್ಟಿಗೆ ತುಂಬುವವರು ಕೊನೆಗೆ ಒಂದೊಂದೇ ಚಿಟಿಕೆ ಹಣ್ಣು ಹಾಕುತ್ತ, ಪರದೆಯ ಮೇಲೆ 14.950 ಹೋಗಿ 15.000 ಮೂಡಿದ ಕೂಡಲೆ ಕೈ ನಿಲ್ಲಿಸುತ್ತಾರೆ ಎಂದುಕೊಳ್ಳಿ. ಪರದೆ ಬದಲಾಗುವುದು ನಿಜ ತೂಕ 14.975 ದಾಟಿದಾಗ. ಆದ್ದರಿಂದ ಇಂಥ ಪೆಟ್ಟಿಗೆಗಳೆಲ್ಲ 14.975ರ ಆಸುಪಾಸಿನಲ್ಲಿಯೇ ಗುಂಪುಗೂಡುತ್ತವೆ, 50 ಗ್ರಾಂ ಗೆರೆಯ ಮೇಲೆ ಹರಡಿಕೊಳ್ಳುವುದಿಲ್ಲ. ಮೊದಲೇ ತುಂಬಿದ ಪೆಟ್ಟಿಗೆಯನ್ನು ತಂದು ತೂಗುವುದು ಬೇರೆ, ತೂಗುತ್ತಲೇ ತುಂಬುವುದು ಬೇರೆ. ಸೀರೆಯ ವಿಷಯದಲ್ಲಿಯೂ ಹೀಗೆಯೇ ಒಂದು ಮಾತು ಹೇಳಬೇಕು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಕೊಂಡಿಯಾಗಿ ಜೋಡಿಸಿ ನೇಯುತ್ತಾರೆ. ಆ ಜೋಡಣೆಯ ಜಾಗದಲ್ಲಿ ಎಳೆ ಕಡಿಯುವ ಸಂಭವ ಉಳಿದ ಕಡೆಗಿಂತ ಹೆಚ್ಚೆಂದು ನೇಕಾರರು ಹೇಳಿದರೆ, ನಾನು ಮೇಲೆ ಕೊಟ್ಟ 1/6 ಮತ್ತು 1/4 ಎರಡನ್ನೂ ಬಿಟ್ಟುಕೊಡಬೇಕು. 'ಗೊತ್ತಿಲ್ಲ' ಎಂಬುದು ಏಕರೂಪ ವಿತರಣೆಗೆ ಸಾಕಾದ ಆಧಾರವಲ್ಲ. ಗೊತ್ತಿರುವವರನ್ನು ಕೇಳಿದ ಮೇಲೂ ಯಾವ ಜಾಗಕ್ಕೂ ಹೆಚ್ಚಿನ ತೂಕ ಬರದಿದ್ದರೆ ಮಾತ್ರ ಅದು ಸಲ್ಲುತ್ತದೆ.

ನಿಮ್ಮ ಬಸ್ಸಿಗೂ ಈ ಪರೀಕ್ಷೆ ಮಾಡೋಣ. 20 ನಿಮಿಷಕ್ಕೊಂದು ಎಂಬುದು ಸರಾಸರಿ ಮಾತ್ರವಾಗಿದ್ದು, ನಿಜದಲ್ಲಿ ಬಸ್ಸುಗಳ ನಡುವಿನ ಅಂತರ ಒಮ್ಮೆ 10, ಒಮ್ಮೆ 30 ನಿಮಿಷ ಹೀಗೆ ಅದಲು ಬದಲಾಗಿ ಬರುತ್ತಿದ್ದರೆ? 40 ನಿಮಿಷದ ಒಂದು ಸುತ್ತಿನಲ್ಲಿ ನೀವು ಯಾವ ಹೊತ್ತಿಗಾದರೂ ಬರಬಹುದು. 30 ನಿಮಿಷದ ಅಂತರದೊಳಗೆ ಬಂದು ಸಿಲುಕುವ ಸಂಭವನೀಯತೆ 30/40, ಅಂದರೆ ಮುಕ್ಕಾಲು. ಉದ್ದದ ಅಂತರವೇ ಹೆಚ್ಚು ಜನರನ್ನು ಹಿಡಿಯುತ್ತದೆ. ಆಗ ಸರಾಸರಿ ಕಾಯುವಿಕೆ 15ರ ಮುಕ್ಕಾಲು ಮತ್ತು 5ರ ಕಾಲು ಕೂಡಿ 12.5 ನಿಮಿಷ, 10 ಅಲ್ಲ. 12 ನಿಮಿಷ ಮೀರಿ ಕಾಯುವ ಸಂಭವನೀಯತೆ 18/40, ಅಂದರೆ 0.45. ಬಸ್ಸುಗಳ ಸಂಖ್ಯೆ ಅಷ್ಟೇ ಇದ್ದರೂ 'ಯಾವಾಗಲೂ ತಡ' ಎಂದು ಜನ ದೂರುವುದರಲ್ಲಿ ಲೆಕ್ಕದ ಆಧಾರವಿದೆ.

ಕೊನೆಯದಾಗಿ ಸೂತ್ರವನ್ನು ಹಿಂದುಮುಂದಾಗಿ ಬಳಸುವ ಒಂದು ಲೆಕ್ಕವನ್ನು ನಿಮಗಾಗಿ ಮಾಡಿಕೊಡುತ್ತೇನೆ. 10 ಗಂಟೆಗೆ ಪರೀಕ್ಷೆ, ಬಸ್ಸಿನಲ್ಲಿ ದಾರಿ 25 ನಿಮಿಷ ಎಂದಿಟ್ಟುಕೊಳ್ಳಿ. 0.9 ಸಂಭವನೀಯತೆಯಿಂದ ಹೊತ್ತಿಗೆ ಸರಿಯಾಗಿ ತಲುಪಬೇಕಾದರೆ ಎಷ್ಟಕ್ಕೆ ನಿಲ್ದಾಣದಲ್ಲಿರಬೇಕು? ಅಂತರ ಯಾವಾಗಲೂ 20 ನಿಮಿಷವೇ ಆಗಿದ್ದರೆ ಗೆರೆಯ 0.9 ಭಾಗ 18 ನಿಮಿಷ; 18 ಮತ್ತು 25 ಕೂಡಿ 43, ಆದ್ದರಿಂದ 9:17ಕ್ಕೆ. ಇನ್ನೆರಡು ನಿಮಿಷ ಮೊದಲು, 9:15ಕ್ಕೆ ಬಂದರೆ 0.9 ಹೋಗಿ 1 ಆಗುತ್ತದೆ. ಅಂತರ 10 ಮತ್ತು 30 ಎಂದು ಅದಲು ಬದಲಾಗುತ್ತಿದ್ದರೆ 0.9 ಬರುವುದು 26ನೇ ನಿಮಿಷಕ್ಕೆ, ಏಕೆಂದರೆ ಅದರಾಚೆ ಉಳಿದ 4 ನಿಮಿಷ 40ರ ಹತ್ತನೇ ಒಂದು ಭಾಗ. ಆಗ 9:09ಕ್ಕೆ ನಿಲ್ದಾಣದಲ್ಲಿರಬೇಕು, ಪೂರ್ತಿ ಖಚಿತ ಬೇಕೆಂದರೆ 9:05ಕ್ಕೆ. ನಿಮ್ಮ ನಿಲ್ದಾಣದಲ್ಲಿ ಯಾವ ಕ್ರಮವಿದೆ ಎಂಬುದನ್ನು ಒಂದು ವಾರ ಬಸ್ಸು ಬಂದ ಹೊತ್ತುಗಳನ್ನು ಬರೆದಿಟ್ಟು ನೀವೇ ಕಂಡುಕೊಳ್ಳಬಹುದು. ಬರೆದುಕೊಳ್ಳಬೇಕಾದದ್ದು ನೀವು ಕಾದ ಹೊತ್ತನ್ನಲ್ಲ, ಒಂದು ಬಸ್ಸಿಗೂ ಅದರ ಹಿಂದಿನ ಬಸ್ಸಿಗೂ ನಡುವೆ ಇದ್ದ ಅಂತರವನ್ನು.